ಗಾಬರಿ ಬಂದಾಗ ಓಡದೆ ಕೂರುವುದನ್ನು ಕಲಿಸುವ ಎಂಟು ವಾರ

ಆತಂಕದ ಕಾಯಿಲೆ ಇರುವವರಿಗೆ ಮನೆಯವರು, ಸ್ನೇಹಿತರು, ಆಫೀಸಿನವರು ಕೊಡುವ ಸಲಹೆ ಹೆಚ್ಚುಕಡಿಮೆ ಒಂದೇ. "ಸುಮ್ನೆ ತಲೆ ಕೆಡಿಸ್ಕೋಬೇಡ." "ಬೇರೆ ಏನಾದ್ರೂ ಯೋಚನೆ ಮಾಡು." "ಸ್ವಲ್ಪ ಧೈರ್ಯವಾಗಿರು." ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ಕೇಳಿಸಿಕೊಳ್ಳುವವರು ಬೆಳಗ್ಗೆ ಎದ್ದಾಗಿನಿಂದ ಅದೇ ಕೆಲಸ ಮಾಡುತ್ತಿರುತ್ತಾರೆ. ಯೋಚನೆಯನ್ನು ಆಚೆ ತಳ್ಳುತ್ತಾರೆ, ಅದು ವಾಪಸ್ ಬರುತ್ತದೆ. ಮತ್ತೆ ತಳ್ಳುತ್ತಾರೆ, ಮತ್ತೆ ಬರುತ್ತದೆ. ಸಂಜೆ ಹೊತ್ತಿಗೆ ಯೋಚನೆಗಿಂತ ಈ ತಳ್ಳಾಟದಿಂದಲೇ ಸುಸ್ತಾಗಿರುತ್ತಾರೆ.

ಮೈಂಡ್‌ಫುಲ್‌ನೆಸ್ ಎಂಬ, ಈ ಗಳಿಗೆಯಲ್ಲಿ ಆಗುತ್ತಿರುವುದನ್ನು ಗಮನವಿಟ್ಟು ನೋಡಲು ಕಲಿಸುವ ತರಬೇತಿ ಹಿಡಿಯುವ ದಾರಿ ಇದಕ್ಕೆ ಪೂರ್ತಿ ಉಲ್ಟಾ. ಗಾಬರಿಯನ್ನು ಓಡಿಸಲು ಹೋಗಬೇಡಿ, ಅದು ಮೈಯಲ್ಲಿ ಎಲ್ಲಿದೆ, ಹೇಗಿದೆ, ಎಷ್ಟು ಹೊತ್ತು ಇರುತ್ತದೆ ಎಂದು ನೋಡಿ ಎನ್ನುತ್ತದೆ. ಮೊದಲ ಸಲ ಕೇಳಿದಾಗ ಇದು ಕ್ರೂರ ಅನ್ನಿಸಬಹುದು. ಬೆಂಕಿ ಬಿದ್ದ ಮನೆಯಿಂದ ಓಡುತ್ತಿರುವವರಿಗೆ ನಿಲ್ಲು ಎಂದು ಯಾರಾದರೂ ಹೇಳುತ್ತಾರಾ? ಆದರೆ ಈ ಕಾಯಿಲೆಯಲ್ಲಿ ಬೆಂಕಿ ಬಿದ್ದಿರುವುದಿಲ್ಲ. ಓಡುವ ಅಭ್ಯಾಸವೇ ಕಾಯಿಲೆಯ ದೊಡ್ಡ ಭಾಗವಾಗಿರುತ್ತದೆ. ಇದು ಅರ್ಥವಾದರೆ ಉಳಿದದ್ದೆಲ್ಲ ಸುಲಭವಾಗಿ ಅರ್ಥವಾಗುತ್ತದೆ. ಹಾಗಾಗಿ ಮೊದಲು ಕಾಯಿಲೆ ಹೇಗೆ ಕೆಲಸ ಮಾಡುತ್ತದೆ ಎಂದು ನೋಡೋಣ.

ಪರೀಕ್ಷೆಗೆ ಮುಂಚೆ ಹೊಟ್ಟೆ ಕಲಕುವುದು, ಮಗ ಮನೆಗೆ ಬರುವುದು ತಡವಾದರೆ ಬಾಗಿಲಿಗೆ ಹೋಗಿ ಬಂದು ಮಾಡುವುದು ಎಲ್ಲರಿಗೂ ಇರುವ ಆತಂಕ. ಕಾಯಿಲೆ ಅಂದರೆ ಅದು ತಿಂಗಳುಗಟ್ಟಲೆ ಉಳಿದು, ನಿದ್ದೆ, ಕೆಲಸ, ಓಡಾಟ ಎಲ್ಲವನ್ನೂ ಹಿಡಿದುಕೊಳ್ಳುವುದು. ಇದರಲ್ಲಿ ಹಲವು ಬಗೆ ಇವೆ. ಕಾರಣ ಇರಲಿ ಬಿಡಲಿ ದಿನವಿಡೀ ಚಿಂತೆ ಉರುಳುತ್ತಲೇ ಇರುವುದು ಒಂದು ಬಗೆ. ಇದ್ದಕ್ಕಿದ್ದಂತೆ ಎದೆ ಢವಢವ ಹೊಡೆದುಕೊಂಡು ಈಗಲೇ ಸತ್ತುಹೋಗುತ್ತೇನೆ ಅನ್ನಿಸುವ ಪ್ಯಾನಿಕ್ ಇನ್ನೊಂದು. ನಾಲ್ಕು ಜನರ ಮುಂದೆ ಮಾತನಾಡುವುದೇ ನರಕವಾಗುವ ಸಾಮಾಜಿಕ ಆತಂಕ ಮತ್ತೊಂದು. ಬಸ್ಸು, ಜಾತ್ರೆ, ಲಿಫ್ಟು ಹೀಗೆ ಬೇಗ ಹೊರಗೆ ಬರಲಾಗದ ಜಾಗಗಳನ್ನು ಕಂಡರೆ ಭಯಪಡುವವರೂ ಇದ್ದಾರೆ. ಭಾರತದಲ್ಲಿ 2017ರಲ್ಲಿ ಸುಮಾರು 4.5 ಕೋಟಿ ಜನರಿಗೆ ಆತಂಕದ ಕಾಯಿಲೆಗಳಿದ್ದವು ಎಂದು ರಾಜ್ಯವಾರು ಲೆಕ್ಕ ಹಾಕಿದ ದೊಡ್ಡ ಅಧ್ಯಯನವೊಂದು ಅಂದಾಜು ಮಾಡಿತ್ತು.

ಪ್ಯಾನಿಕ್ ಅನ್ನೇ ತೆಗೆದುಕೊಳ್ಳಿ. ಮೆಟ್ಟಿಲು ಹತ್ತಿದ್ದಕ್ಕೋ, ಎರಡು ಲೋಟ ಕಾಫಿ ಜಾಸ್ತಿ ಕುಡಿದದ್ದಕ್ಕೋ ಎದೆಬಡಿತ ಸ್ವಲ್ಪ ಏರುತ್ತದೆ. ಮನಸ್ಸು ಅದನ್ನು ಹಿಡಿದು "ಇದು ಹಾರ್ಟ್ ಅಟ್ಯಾಕ್" ಎಂದು ಓದಿಕೊಳ್ಳುತ್ತದೆ. ಆ ಭಯಕ್ಕೆ ಮೈಯಲ್ಲಿ ಅಡ್ರಿನಲಿನ್ ಎಂಬ ಹಾರ್ಮೋನು ಹರಿಯುತ್ತದೆ. ಎದೆಬಡಿತ ಇನ್ನೂ ಏರುತ್ತದೆ, ಉಸಿರು ಚಿಕ್ಕದಾಗುತ್ತದೆ, ಬೆರಳು ಜುಮ್ಮೆನ್ನುತ್ತದೆ. "ನೋಡು, ನಾನು ಅಂದುಕೊಂಡದ್ದೇ ನಿಜ" ಎನ್ನುತ್ತದೆ ಮನಸ್ಸು. ಕೆಲವೇ ನಿಮಿಷದಲ್ಲಿ ಇದು ತುದಿ ಮುಟ್ಟುತ್ತದೆ. ಇಸಿಜಿ ಮಾಡಿಸಿದರೆ ಏನೂ ಇಲ್ಲ ಎಂದು ಬರುತ್ತದೆ. ಆಕ್ಸ್‌ಫರ್ಡಿನಲ್ಲಿದ್ದ ಮನಶ್ಶಾಸ್ತ್ರಜ್ಞ ಡೇವಿಡ್ ಕ್ಲಾರ್ಕ್ 1986ರಲ್ಲಿ ಈ ಸುತ್ತನ್ನು ಸ್ಪಷ್ಟವಾಗಿ ಬರೆದು ತೋರಿಸಿದರು. ಮೈಯ ಸಾಮಾನ್ಯ ಸಂಕೇತವನ್ನು ಅಪಾಯ ಎಂದು ತಪ್ಪಾಗಿ ಓದುವುದೇ ಪ್ಯಾನಿಕ್‌ನ ಬೇರು ಎಂದರು.

ಇದಾದ ಮೇಲೆ ನಡೆಯುವುದು ಇನ್ನೂ ಮುಖ್ಯ. ಆ ಮನುಷ್ಯ ಮೆಟ್ಟಿಲು ಹತ್ತುವುದನ್ನು ಬಿಡುತ್ತಾನೆ. ಒಬ್ಬನೇ ಹೊರಗೆ ಹೋಗುವುದನ್ನು ಬಿಡುತ್ತಾನೆ. ಗಂಟೆಗೊಮ್ಮೆ ನಾಡಿ ಮುಟ್ಟಿ ನೋಡುತ್ತಾನೆ. ಗೂಗಲ್ ಮಾಡುತ್ತಾನೆ. ಪ್ರತಿಸಲವೂ ಸ್ವಲ್ಪ ಸಮಾಧಾನ ಸಿಗುತ್ತದೆ, ಅಲ್ವಾ? ಆ ಸಮಾಧಾನವೇ ಬಲೆ. "ಓಡಿದೆ, ಅದಕ್ಕೇ ಉಳಿದೆ" ಎಂದು ಮಿದುಳು ಕಲಿತುಕೊಳ್ಳುತ್ತದೆ. ಓಡದಿದ್ದರೂ ಉಳಿಯುತ್ತಿದ್ದೆ ಎಂದು ತಿಳಿಯುವ ಅವಕಾಶವೇ ಅದಕ್ಕೆ ಸಿಗುವುದಿಲ್ಲ. ದಿನವಿಡೀ ಚಿಂತೆ ಮಾಡುವವರಲ್ಲೂ ಇದೇ ಆಟ ನಡೆಯುತ್ತದೆ. ಅಲ್ಲಿ ಚಿಂತೆಯೇ ಓಟ. ಸಾಲ, ಮಕ್ಕಳ ಭವಿಷ್ಯ, ಅಮ್ಮನ ಆರೋಗ್ಯ ಎಂದು ಮನಸ್ಸು ಮಾತಿನಲ್ಲಿ ಸುತ್ತುತ್ತಲೇ ಇರುತ್ತದೆ. ಮಾತಿನಲ್ಲಿ ಸುತ್ತುವಷ್ಟು ಹೊತ್ತು ಎದೆಯಲ್ಲಿ ಕೂತಿರುವ ಭಯವನ್ನು ನೇರವಾಗಿ ಮುಟ್ಟಬೇಕಾಗಿಲ್ಲ.

ಈ ಸುತ್ತನ್ನು ಎಲ್ಲಿ ಕತ್ತರಿಸುವುದು? ಮಾತ್ರೆ ಮೈಯ ಕಡೆಯಿಂದ ಕೆಲಸ ಮಾಡುತ್ತದೆ. ಸಿಬಿಟಿ ಎಂಬ ಮಾತುಕತೆಯ ಚಿಕಿತ್ಸೆ ಆ ತಪ್ಪು ಓದನ್ನು ಪ್ರಶ್ನಿಸಲು ಕಲಿಸುತ್ತದೆ, ಭಯದ ಜಾಗಗಳಿಗೆ ಹಂತಹಂತವಾಗಿ ಕರೆದುಕೊಂಡು ಹೋಗುತ್ತದೆ. ಇವೆರಡೂ ಗಟ್ಟಿ ಪುರಾವೆ ಇರುವ ಚಿಕಿತ್ಸೆಗಳು. ಮೈಂಡ್‌ಫುಲ್‌ನೆಸ್ ಕೈ ಹಾಕುವುದು ಇನ್ನೂ ಒಂದು ಹೆಜ್ಜೆ ಹಿಂದೆ. ಸಂಕೇತ ಬಂದ ಗಳಿಗೆಗೂ ಓಟ ಶುರುವಾಗುವ ಗಳಿಗೆಗೂ ನಡುವೆ ಒಂದು ಸಣ್ಣ ಸಂದು ಇರುತ್ತದೆ. ಅಭ್ಯಾಸವಿಲ್ಲದವರಿಗೆ ಅದು ಕಾಣುವುದೇ ಇಲ್ಲ. ಅದು ಕಾಣುವ ಹಾಗೆ ಮಾಡುವುದು ಈ ತರಬೇತಿಯ ಕೆಲಸ.

ಇದರ ಹೆಸರಾಂತ ರೂಪ ಶುರುವಾದದ್ದು ಅಮೆರಿಕದಲ್ಲಿ. 1979ರಲ್ಲಿ ಜಾನ್ ಕಬಾಟ್-ಜಿನ್ ಎಂಬುವವರು ಮ್ಯಾಸಚೂಸೆಟ್ಸ್ ರಾಜ್ಯದ ವೂಸ್ಟರ್ ಎಂಬ ಊರಿನ ಮೆಡಿಕಲ್ ಕಾಲೇಜಿನಲ್ಲಿ ಒಂದು ಕ್ಲಿನಿಕ್ ತೆರೆದರು. ಅವರು ಓದಿದ್ದು ಮಾಲಿಕ್ಯುಲರ್ ಬಯಾಲಜಿ, ಅಂದರೆ ಅಣುಮಟ್ಟದ ಜೀವವಿಜ್ಞಾನ. ಬೌದ್ಧ ಧ್ಯಾನವನ್ನೂ ಹಠಯೋಗವನ್ನೂ ವರ್ಷಗಟ್ಟಲೆ ಅಭ್ಯಾಸ ಮಾಡಿದ್ದರು. ಔಷಧಿಯಿಂದ ಪೂರ್ತಿ ಗುಣವಾಗದ ನೋವು, ಒತ್ತಡ ಇಟ್ಟುಕೊಂಡು ಓಡಾಡುತ್ತಿದ್ದ ರೋಗಿಗಳನ್ನು ಅಲ್ಲಿನ ಡಾಕ್ಟರುಗಳು ಇವರ ಹತ್ತಿರ ಕಳಿಸಿದರು. ಇವರು ಧ್ಯಾನವನ್ನೂ ಯೋಗವನ್ನೂ ದೇವರು, ದೀಕ್ಷೆ, ನಂಬಿಕೆ ಯಾವುದನ್ನೂ ಕೇಳದ ಒಂದು ಕೋರ್ಸಾಗಿ ಜೋಡಿಸಿದರು. ಅದೇ ಇವತ್ತು ಎಂಬಿಎಸ್ಆರ್ (ಮೈಂಡ್‌ಫುಲ್‌ನೆಸ್ ಆಧಾರದ ಮೇಲೆ ಒತ್ತಡ ಇಳಿಸುವುದು) ಎಂದು ಕರೆಸಿಕೊಳ್ಳುವ ತರಬೇತಿ.

ಇದು ನಡೆಯುವುದು ಶಾಲೆಯ ಹಾಗೆ. ಎಂಟು ವಾರ, ವಾರಕ್ಕೊಂದು ತರಗತಿ, ಪ್ರತಿ ತರಗತಿ ಎರಡೂವರೆ ಗಂಟೆ. ಒಬ್ಬ ಶಿಕ್ಷಕರು, ಒಂದು ಗುಂಪು, ಮನೆಪಾಠ. ಮನೆಪಾಠ ಅಂದರೆ ದಿನಕ್ಕೆ ಸುಮಾರು 45 ನಿಮಿಷದ ಅಭ್ಯಾಸ, ವಾರಕ್ಕೆ ಆರು ದಿನ. ಆರನೇ ವಾರದ ಸುಮಾರಿಗೆ ಒಂದು ಇಡೀ ದಿನ ಮಾತಿಲ್ಲದೆ ಅಭ್ಯಾಸ. ಕಲಿಯುವವರು ರೋಗಿಯಾಗಿ ಮಲಗಿ ಚಿಕಿತ್ಸೆ ಪಡೆಯುವುದಿಲ್ಲ, ವಿದ್ಯಾರ್ಥಿಯಾಗಿ ಕೂತು ಕಲಿಯುತ್ತಾರೆ. ನನಗೆ ಈ ಪದ್ಧತಿಯಲ್ಲಿ ತುಂಬ ಇಷ್ಟವಾಗುವ ಸಂಗತಿ ಇದು. "ನಿನಗೇನೋ ಆಗಿದೆ, ನಾನು ಸರಿಮಾಡುತ್ತೇನೆ" ಎಂದು ಯಾರೂ ಹೇಳುವುದಿಲ್ಲ.

ಮೊದಲ ದಿನದ ಪಾಠ ಒಂದು ಒಣದ್ರಾಕ್ಷಿ. ಅದನ್ನು ಅಂಗೈಯಲ್ಲಿಟ್ಟು ನೋಡಬೇಕು, ಮೂಸಬೇಕು, ನಾಲಗೆಯ ಮೇಲಿಟ್ಟು ಕಾಯಬೇಕು, ಆಮೇಲೆ ನಿಧಾನವಾಗಿ ಅಗಿಯಬೇಕು. ಇದರಲ್ಲಿ ರಹಸ್ಯ ಏನೂ ಇಲ್ಲ. ನಾವು ದಿನದ ಬಹುಪಾಲು ಕೆಲಸವನ್ನು ಗಮನ ಎಲ್ಲೋ ಇಟ್ಟು ಮಾಡುತ್ತೇವೆ ಎಂದು ತಿಳಿಯಲು ಇದು ಸಾಕು. ಆಮೇಲೆ ಬಾಡಿ ಸ್ಕ್ಯಾನ್. ಅಂಗಾತ ಮಲಗಿ ಎಡಗಾಲಿನ ಬೆರಳುಗಳಿಂದ ಶುರುಮಾಡಿ ನೆತ್ತಿಯವರೆಗೆ ಒಂದೊಂದೇ ಭಾಗಕ್ಕೆ ಗಮನ ಒಯ್ಯುವುದು. ಏನನ್ನೂ ಸಡಿಲ ಮಾಡಬೇಕಾಗಿಲ್ಲ, ಬದಲಿಸಬೇಕಾಗಿಲ್ಲ. ಬಿಗಿ ಇದ್ದರೆ ಬಿಗಿ ಇದೆ ಎಂದು ತಿಳಿದರೆ ಆಯಿತು. ಮುಂದಿನ ವಾರಗಳಲ್ಲಿ ಉಸಿರಿನ ಮೇಲೆ ಗಮನವಿಟ್ಟು ಕೂರುವುದು, ಸರಳ ಆಸನಗಳು, ನಿಧಾನ ನಡಿಗೆ ಬರುತ್ತವೆ. ಒಂದು ವಾರ ದಿನಕ್ಕೊಂದು ಖುಷಿಯ ಗಳಿಗೆಯನ್ನು ಬರೆದಿಡಬೇಕು. ಆಗ ಮೈಗೆ ಏನನ್ನಿಸಿತು, ಮನಸ್ಸಿಗೆ ಏನನ್ನಿಸಿತು, ಯಾವ ಯೋಚನೆ ಬಂತು ಎಂದು ಬೇರೆಬೇರೆಯಾಗಿ ಬರೆಯಬೇಕು. ಇನ್ನೊಂದು ವಾರ ಬೇಸರದ ಗಳಿಗೆಯನ್ನು ಇದೇ ಥರ.

ಈ ಬರೆಯುವ ಪಾಠ ಸಣ್ಣದಾಗಿ ಕಂಡರೂ ಆತಂಕದವರಿಗೆ ತುಂಬ ಬೆಲೆಬಾಳುತ್ತದೆ. ಅವರಿಗೆ "ಗಾಬರಿ" ಅನ್ನುವುದು ಒಂದೇ ದೊಡ್ಡ ಮುದ್ದೆಯಾಗಿ ಬರುತ್ತದೆ. ಬರೆಯುವಾಗ ಅದು ಬಿಡಿಬಿಡಿಯಾಗುತ್ತದೆ. ಗಂಟಲು ಒಣಗಿತ್ತು, ಅದು ಮೈ. ಹೆದರಿಕೆಯಾಗಿತ್ತು, ಅದು ಭಾವನೆ. "ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ" ಅನ್ನಿಸಿತು, ಅದು ಯೋಚನೆ. ಗಂಟಲು ಒಣಗಿದ್ದು ನಿಜ. ಎಲ್ಲರೂ ನೋಡುತ್ತಿದ್ದರು ಅನ್ನುವುದು ನಿಜ ಇರಬಹುದು, ಇಲ್ಲದೆಯೂ ಇರಬಹುದು. ಇವೆರಡೂ ಬೇರೆ ಎಂದು ಕಾಣುವುದೇ ದೊಡ್ಡ ಬಿಡುಗಡೆ.

ತರಗತಿಯಲ್ಲಿ ಅಭ್ಯಾಸ ಮುಗಿದ ಮೇಲೆ ಶಿಕ್ಷಕರು ಕೇಳುವ ಪ್ರಶ್ನೆಗಳೂ ಹೀಗೇ ಇರುತ್ತವೆ. ಯಾರಾದರೂ "ತುಂಬ ಗಾಬರಿ ಆಯ್ತು" ಎಂದರೆ ಸಮಾಧಾನ ಮಾಡಲು ಧಾವಿಸುವುದಿಲ್ಲ. ಮೈಯಲ್ಲಿ ಎಲ್ಲಿ ಗೊತ್ತಾಯಿತು? ಎದೆಯಲ್ಲಾ, ಹೊಟ್ಟೆಯಲ್ಲಾ? ಬಿಗಿತವಾ, ಬಿಸಿಯಾ, ನಡುಕವಾ? ಒಂದೇ ಸಮ ಇತ್ತಾ, ಹೆಚ್ಚುಕಡಿಮೆ ಆಗುತ್ತಿತ್ತಾ? ಆಗ ಏನು ಮಾಡಬೇಕು ಅನ್ನಿಸಿತು? ಎದ್ದು ಹೋಗಬೇಕು ಅನ್ನಿಸಿತು ಎಂದರೆ, ಅನ್ನಿಸಿದ ಮೇಲೂ ಕೂತಿದ್ದಿರಲ್ಲ, ಆಮೇಲೆ ಏನಾಯಿತು? ಈ ಕೊನೆಯ ಪ್ರಶ್ನೆಗೆ ಬಹಳ ಸಲ ಬರುವ ಉತ್ತರ "ಸ್ವಲ್ಪ ಹೊತ್ತಿಗೆ ತಾನೇ ಕಡಿಮೆ ಆಯ್ತು" ಎಂಬುದು. ಕೆಲವೊಮ್ಮೆ "ಕಡಿಮೆ ಆಗ್ಲಿಲ್ಲ, ಆದ್ರೂ ಕೂತಿದ್ದೆ" ಎಂದೂ ಬರುತ್ತದೆ. ಎರಡೂ ಪಾಠವೇ. ಯಾರೂ ಭಾಷಣ ಮಾಡಿ ಹೇಳದೆ, ಓಡದಿದ್ದರೂ ಉಳಿಯುತ್ತೇನೆ ಎಂಬುದನ್ನು ಮಿದುಳು ಮೊದಲ ಬಾರಿ ತಾನೇ ಕಂಡುಕೊಳ್ಳುತ್ತದೆ.

ಶಾಂತವಾಗಿರುವ ದಿನವೂ 45 ನಿಮಿಷ ಯಾಕೆ ಕೂರಬೇಕು, ಗಾಬರಿ ಬಂದಾಗ ಮಾತ್ರ ಮಾಡಿದರೆ ಸಾಲದಾ ಎಂದು ತುಂಬ ಜನ ಕೇಳುತ್ತಾರೆ. ಹಳ್ಳಿಯಲ್ಲಿ ಸೊಂಟಕ್ಕೆ ಸೋರೆಬುರುಡೆ ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿತವರಿಗೆ ಉತ್ತರ ಗೊತ್ತು. ಕೈಕಾಲು ಬಡಿಯುವುದನ್ನು ಕಲಿಯುವುದು ಹಿಡಿದುಕೊಳ್ಳುವವರು ಇರುವಾಗ, ನೀರು ತಿಳಿಯಾಗಿರುವಾಗ. ಮುಳುಗುವ ಹೊತ್ತಿನಲ್ಲಿ ಕಲಿಯಲು ಆಗುವುದಿಲ್ಲ.

ಹಾಗಾದರೆ ಇದು ನಿಜವಾಗಿ ಕೆಲಸ ಮಾಡುತ್ತದಾ? 1992ರಲ್ಲಿ ಕಬಾಟ್-ಜಿನ್ ತಂಡ ಆತಂಕದ ಬಗ್ಗೆ ಒಂದು ಫಲಿತಾಂಶ ಪ್ರಕಟಿಸಿತು. ಆತಂಕದ ಕಾಯಿಲೆ ಅಥವಾ ಪ್ಯಾನಿಕ್ ಇದ್ದ 22 ಜನರಲ್ಲಿ 20 ಜನರಿಗೆ ಆತಂಕ, ಖಿನ್ನತೆಯ ಅಂಕಗಳು ಎದ್ದುಕಾಣುವಷ್ಟು ಇಳಿದಿದ್ದವು. ಮೂರು ವರ್ಷದ ನಂತರ 18 ಜನರನ್ನು ಮತ್ತೆ ನೋಡಿದಾಗ ಲಾಭ ಉಳಿದಿತ್ತು. ಆದರೆ ಹೋಲಿಸಿ ನೋಡಲು ಬೇರೆ ಗುಂಪು ಇರಲಿಲ್ಲ. ಕಾಲ ಕಳೆದಂತೆ ತಾನಾಗಿ ಸುಧಾರಿಸಿದರೋ, ವಾರವಾರ ಜನರ ಜೊತೆ ಕೂತದ್ದರಿಂದ ಸುಧಾರಿಸಿದರೋ ಹೇಳಲು ಆಗದು.

2013ರ ಅಧ್ಯಯನ ಈ ಪ್ರಶ್ನೆಗೇ ಕೈಹಾಕಿತು. ಎಲಿಜಬೆತ್ ಹೋಜ್ ಎಂಬ ಮನೋವೈದ್ಯೆ ಬಾಸ್ಟನ್ನಿನಲ್ಲಿ 93 ಜನರನ್ನು ಎರಡು ಗುಂಪು ಮಾಡಿದರು. ಒಂದಕ್ಕೆ ಮೈಂಡ್‌ಫುಲ್‌ನೆಸ್ ಕೋರ್ಸ್. ಇನ್ನೊಂದಕ್ಕೆ ನಿದ್ದೆ, ಆಹಾರ, ಸಮಯ ಹೊಂದಿಸಿಕೊಳ್ಳುವುದು ಇಂಥ ವಿಷಯಗಳ ಬಗ್ಗೆ ಪಾಠ. ಮುಖ್ಯ ಅಳತೆಗೋಲಿನಲ್ಲಿ ಎರಡೂ ಗುಂಪು ಸುಧಾರಿಸಿದವು, ನಡುವೆ ದೊಡ್ಡ ಅಂತರ ಕಾಣಲಿಲ್ಲ. ಬೇರೆ ಅಳತೆಗಳಲ್ಲಿ ಮೈಂಡ್‌ಫುಲ್‌ನೆಸ್ ಗುಂಪು ಮುಂದಿತ್ತು. ಜನರ ಮುಂದೆ ಭಾಷಣ ಮಾಡಿಸಿ, ಬಾಯಿಲೆಕ್ಕ ಕೇಳುವ ಒತ್ತಡದ ಪರೀಕ್ಷೆಯಲ್ಲಂತೂ ಆ ಗುಂಪಿನವರಿಗೆ ಗಾಬರಿ ಕಡಿಮೆಯಾಗಿತ್ತು. ಸರಿಯಾಗಿ ಅವರಿಗೆ ಬೇಕಾಗಿದ್ದೂ ಅದೇ ತಾನೇ? ಗಾಬರಿ ಹುಟ್ಟಿಸುವ ಜಾಗದಲ್ಲಿ ನಿಲ್ಲಲು ಆಗುವುದು.

ಹೋಜ್ ಅವರ ತಂಡವೇ ನಡೆಸಿದ, 2022ರ ನವೆಂಬರಿನಲ್ಲಿ ಪ್ರಕಟವಾದ ಅಧ್ಯಯನ ಇವೆಲ್ಲಕ್ಕಿಂತ ಸುದ್ದಿ ಮಾಡಿತು. ಬಾಸ್ಟನ್, ನ್ಯೂಯಾರ್ಕ್, ವಾಷಿಂಗ್ಟನ್ನಿನ ಆಸ್ಪತ್ರೆಗಳಲ್ಲಿ 276 ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಪಾಲು ಮಾಡಿದರು. ಒಂದು ಪಾಲಿಗೆ ಎಂಟು ವಾರದ ಕೋರ್ಸ್, ಇನ್ನೊಂದು ಪಾಲಿಗೆ ಎಸ್ಸಿಟಾಲೊಪ್ರಾಮ್ ಮಾತ್ರೆ. ಇದು ನಮ್ಮಲ್ಲೂ ಆತಂಕಕ್ಕೆ ಡಾಕ್ಟರು ಬರೆದುಕೊಡುವ ಸಾಮಾನ್ಯ ಮಾತ್ರೆ. ಕಾಯಿಲೆಯ ತೀವ್ರತೆಯನ್ನು 1ರಿಂದ 7ರವರೆಗೆ ಅಳೆದವರಿಗೆ ಯಾರು ಯಾವ ಗುಂಪು ಎಂದು ಗೊತ್ತಿರಲಿಲ್ಲ. ಎರಡೂ ಗುಂಪು ಸುಮಾರು 4.5ರಲ್ಲಿ ಶುರುವಾದವು. ಎಂಟು ವಾರದ ಕೊನೆಗೆ ಕೋರ್ಸಿನವರು 1.35 ಅಂಕ ಇಳಿದಿದ್ದರು, ಮಾತ್ರೆಯವರು 1.43. ಅಂದರೆ ಕೋರ್ಸು ಮಾತ್ರೆಗಿಂತ ಕಡಿಮೆಯಾಗಿರಲಿಲ್ಲ. ಮಾತ್ರೆಯ ಗುಂಪಿನಲ್ಲಿ ಅಡ್ಡಪರಿಣಾಮದ ಕಾರಣಕ್ಕೆ ಹತ್ತು ಜನ ಬಿಟ್ಟರು, ಕೋರ್ಸಿನಲ್ಲಿ ಆ ಕಾರಣಕ್ಕೆ ಯಾರೂ ಬಿಡಲಿಲ್ಲ.

ಸುದ್ದಿಯಲ್ಲಿ ಇದು "ಮಾತ್ರೆಗೆ ಧ್ಯಾನ ಸಮ" ಎಂದು ಬಂತು. ದಯವಿಟ್ಟು ಇದನ್ನು ಓದಿ ಮಾತ್ರೆ ನಿಲ್ಲಿಸಬೇಡಿ. ಇಂಥ ಮಾತ್ರೆಗಳನ್ನು ಒಮ್ಮೆಲೇ ಬಿಟ್ಟರೆ ತಲೆಸುತ್ತು, ನಿದ್ದೆಗೇಡು, ಮತ್ತೆ ಜೋರಾಗಿ ಗಾಬರಿ ಬರಬಹುದು. ಬಿಡುವುದಾದರೆ ಡಾಕ್ಟರು ಹೇಳಿದಂತೆ ಸ್ವಲ್ಪಸ್ವಲ್ಪವಾಗಿ ಬಿಡಬೇಕು. ಅಧ್ಯಯನವನ್ನೂ ಪೂರ್ತಿ ಓದಬೇಕು. 4.5ರಿಂದ 3ರ ಹತ್ತಿರಕ್ಕೆ ಬರುವುದು ಅಂದರೆ ಮಧ್ಯಮ ಕಾಯಿಲೆ ಸೌಮ್ಯವಾಯಿತು ಎಂದು. ವಾಸಿಯಾಯಿತು ಎಂದಲ್ಲ. ಔಷಧಿಯೇ ಇಲ್ಲದ ಹುಸಿ ಮಾತ್ರೆ ಕೊಟ್ಟು ಹೋಲಿಸುವ ಮೂರನೇ ಗುಂಪು ಇರಲಿಲ್ಲ. ಭಾಗವಹಿಸಿದವರಲ್ಲಿ ಮುಕ್ಕಾಲು ಪಾಲು ಹೆಂಗಸರು, ಸರಾಸರಿ ವಯಸ್ಸು 33ರ ಆಸುಪಾಸು. ಎಲ್ಲರೂ ವಾರವಾರ ತರಗತಿಗೆ ಬರಲು ಒಪ್ಪಿದವರು. ನನ್ನ ಮಟ್ಟಿಗೆ ಈ ಅಧ್ಯಯನ ಹೇಳುವುದು ಇಷ್ಟು: ಮಾತ್ರೆ ಒಗ್ಗದವರಿಗೆ, ಬೇಡ ಅನ್ನುವವರಿಗೆ, ಮಾತ್ರೆಯ ಜೊತೆಗೆ ಇನ್ನೇನಾದರೂ ಬೇಕು ಅನ್ನುವವರಿಗೆ ಗೌರವದ ಇನ್ನೊಂದು ದಾರಿ ಇದೆ. ಅದೇ ಸಣ್ಣ ವಿಷಯವೇನಲ್ಲ.

ಆದರೆ ಆ ದಾರಿ ಯಾವುದು ಎಂಬುದನ್ನು ಮರೆಯಬಾರದು. ಪರೀಕ್ಷೆಗೆ ಒಳಪಟ್ಟದ್ದು ಶಿಕ್ಷಕರಿರುವ, ಎಂಟು ವಾರದ, ದಿನವೂ ಮನೆಪಾಠ ಇರುವ ಕೋರ್ಸು. ಫೋನಿನಲ್ಲಿ ಹತ್ತು ನಿಮಿಷ ಕೊಳಲಿನ ಸಂಗೀತ ಹಾಕಿಕೊಂಡು ಕಣ್ಣುಮುಚ್ಚುವುದು ಹಿತವಾಗಿರಬಹುದು. ಅದಕ್ಕೆ ಈ ಫಲಿತಾಂಶವನ್ನು ಅಂಟಿಸಲು ಆಗದು. ಬ್ರಿಟನ್ನಿನಲ್ಲಿ ನಡೆದ ಒಂದು ದೊಡ್ಡ ಪ್ರಯೋಗ ಈ ಮಾತಿಗೆ ಬಲ ಕೊಡುತ್ತದೆ. ಅಲ್ಲಿ 85 ಶಾಲೆಗಳ ಎಂಟು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಒಳಗೊಂಡು, ತರಗತಿಯ ಎಲ್ಲರಿಗೂ ಮೈಂಡ್‌ಫುಲ್‌ನೆಸ್ ಪಾಠ ಹೇಳಿ ನೋಡಿದರು. 2022ರಲ್ಲಿ ಫಲಿತಾಂಶ ಬಂದಾಗ ಮಾಮೂಲಿ ಶಾಲೆಗಿಂತ ಏನೂ ಹೆಚ್ಚಿನ ಲಾಭ ಕಾಣಲಿಲ್ಲ. ಬಹಳ ಮಕ್ಕಳು ಮನೆಯಲ್ಲಿ ಅಭ್ಯಾಸವನ್ನೇ ಮಾಡಿರಲಿಲ್ಲ. ತನಗೆ ಬೇಕು ಎಂದು ಬಂದು ಕೂರುವ ವಯಸ್ಕರಿಗೆ ಸಿಕ್ಕದ್ದು, ಟೈಮ್‌ಟೇಬಲ್‌ನಲ್ಲಿದೆ ಎಂದು ಕೂರುವ ಮಗುವಿಗೆ ಸಿಗುತ್ತದೆ ಎಂದುಕೊಳ್ಳುವ ಹಾಗಿಲ್ಲ. ಎಂಟು ವಾರದಲ್ಲಿ ಮಿದುಳಿನ ರಚನೆಯೇ ಬದಲಾಗುತ್ತದೆ ಎಂಬ ಜಾಹೀರಾತಿನ ಮಾತನ್ನೂ ನಂಬಬೇಡಿ. ಅದೇ ವರ್ಷ ಪ್ರಕಟವಾದ ಎಚ್ಚರಿಕೆಯ ಸ್ಕ್ಯಾನಿಂಗ್ ಅಧ್ಯಯನದಲ್ಲಿ ಅಂಥ ಬದಲಾವಣೆ ಕಾಣಲಿಲ್ಲ.

ಧ್ಯಾನದಿಂದ ಯಾರಿಗೂ ತೊಂದರೆಯಾಗದು ಎಂಬ ಮಾತೂ ಸರಿಯಲ್ಲ. ಸುಮ್ಮನೆ ಕೂತಾಗಲೇ ಆತಂಕ ಏರುವವರಿದ್ದಾರೆ. ಪ್ಯಾನಿಕ್ ಇರುವವರಿಗೆ ಉಸಿರನ್ನು ಗಮನಿಸು ಎಂದರೆ ಉಸಿರು ಕಟ್ಟಿದಂತಾಗಬಹುದು. ಒಳ್ಳೆಯ ಶಿಕ್ಷಕರು ಆಗ ಗಮನವನ್ನು ಪಾದದ ಅಡಿಗೆ, ಹೊರಗಿನ ಸದ್ದಿಗೆ ಸರಿಸುತ್ತಾರೆ. ಕಣ್ಣು ತೆರೆದೇ ಕೂರಿ ಎನ್ನುತ್ತಾರೆ. ಚಿಕ್ಕಂದಿನಲ್ಲಿ ದೌರ್ಜನ್ಯ ಅನುಭವಿಸಿದವರಿಗೆ, ದೊಡ್ಡ ಆಘಾತದಿಂದ ಬಂದವರಿಗೆ ಮೈಯ ಕಡೆ ಗಮನ ತಿರುಗಿಸಿದಾಗ ಹಳೆಯದೆಲ್ಲ ಎದ್ದು ಬರಬಹುದು. ಸಾಯಬೇಕು ಎಂಬ ಯೋಚನೆ ಬರುತ್ತಿರುವವರು, ಇಲ್ಲದ ದನಿಗಳು ಕೇಳಿಸುತ್ತಿರುವವರು ಮೊದಲು ಮನೋವೈದ್ಯರ ಹತ್ತಿರ ಹೋಗಬೇಕು. ಕೋರ್ಸು ಆಮೇಲೆ.

ನಮ್ಮಲ್ಲಿ ಮೈಂಡ್‌ಫುಲ್‌ನೆಸ್ ಅಂದರೆ ಬಹಳ ಜನಕ್ಕೆ ನೆನಪಾಗುವುದು ವಿಪಶ್ಯನದ ಹತ್ತು ದಿನದ ಶಿಬಿರ. ಬೆಂಗಳೂರಿನ ಹೊರಗೆ ತುಮಕೂರು ರಸ್ತೆಯ ಕಡೆಗಿರುವ ಧಮ್ಮ ಪಫುಲ್ಲಕ್ಕೆ ಹೋಗಿಬಂದವರು ಹಲವರಿದ್ದಾರೆ. ಎರಡರ ಬೇರೂ ಬೌದ್ಧ ಧ್ಯಾನವೇ. ಆದರೆ ಹತ್ತು ದಿನ ಮಾತಿಲ್ಲದೆ, ದಿನಕ್ಕೆ ಹತ್ತು ಗಂಟೆಯಷ್ಟು ಕೂರುವುದು ಬೇರೆ. ವಾರಕ್ಕೊಮ್ಮೆ ಬಂದು, ಆದದ್ದನ್ನು ಹೇಳಿಕೊಂಡು, ಮನೆಗೆ ಹೋಗಿ ತನ್ನ ಬದುಕಿನ ನಡುವೆಯೇ ಅಭ್ಯಾಸ ಮಾಡುವುದು ಬೇರೆ. ಆ ಶಿಬಿರಗಳ ಅರ್ಜಿಯಲ್ಲೇ ಮಾನಸಿಕ ಕಾಯಿಲೆ ಇದೆಯೇ, ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ ಎಂದು ಕೇಳುತ್ತಾರೆ. ಅಲ್ಲಿ ಮುಚ್ಚಿಡಬೇಡಿ. ಆತಂಕ ತೀವ್ರವಾಗಿರುವಾಗ ಅಂಥ ಶಿಬಿರದಿಂದ ಶುರುಮಾಡುವುದು ನನಗೆ ಸರಿ ಅನ್ನಿಸುವುದಿಲ್ಲ.

ಎಲ್ಲಿಂದ ಶುರುಮಾಡಬೇಕು ಅನ್ನುವವರು ಮೊದಲು ಒಬ್ಬ ಡಾಕ್ಟರನ್ನು ನೋಡಿ. ಥೈರಾಯ್ಡ್ ಜಾಸ್ತಿಯಾದರೆ, ರಕ್ತ ಕಡಿಮೆಯಾದರೆ, ಎದೆಬಡಿತದ ಲಯ ತಪ್ಪಿದರೆ ಕೂಡ ಗಾಬರಿಯಂಥದ್ದೇ ಲಕ್ಷಣ ಬರುತ್ತದೆ. ಮನಸ್ಸಿನ ಕಾಯಿಲೆಗೆ ದೂರದ ಊರಿಗೇ ಹೋಗಬೇಕೆಂದಿಲ್ಲ. ಕರ್ನಾಟಕದ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ಬಂದು ನೋಡುವ ಮನೋಚೈತನ್ಯ ಕಾರ್ಯಕ್ರಮವಿದೆ. ಫೋನಿನಲ್ಲಿ ಮಾತನಾಡಬೇಕೆಂದರೆ ಟೆಲಿ ಮಾನಸ್ ಇದೆ. ಇದು 2022ರ ಅಕ್ಟೋಬರಿನಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ, ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ನಂಬರ್ 14416. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತನಾಡಬಹುದು.

ಮೈಂಡ್‌ಫುಲ್‌ನೆಸ್ ಕಲಿಸುತ್ತೇವೆ ಎಂದು ಬೋರ್ಡು ಹಾಕಿದವರೆಲ್ಲ ತರಬೇತಿ ಪಡೆದವರಲ್ಲ. ಸೇರುವ ಮೊದಲು ಕೇಳಿ. ನೀವು ಎಲ್ಲಿ ಕಲಿತಿರಿ? ಸ್ವತಃ ಎಷ್ಟು ವರ್ಷದಿಂದ ಅಭ್ಯಾಸ ಮಾಡುತ್ತಿದ್ದೀರಿ? ಆತಂಕದ ಕಾಯಿಲೆ ಇರುವವರಿಗೆ ಮೊದಲು ಕಲಿಸಿದ್ದೀರಾ? ತರಗತಿಯಲ್ಲಿ ಯಾರಿಗಾದರೂ ಪ್ಯಾನಿಕ್ ಬಂದರೆ ಏನು ಮಾಡುತ್ತೀರಿ? ನನ್ನ ಡಾಕ್ಟರ ಜೊತೆ ಮಾತನಾಡುತ್ತೀರಾ? ಈ ಪ್ರಶ್ನೆಗಳಿಗೆ ಬೇಸರಿಸಿಕೊಳ್ಳುವವರು, ಮಾತ್ರೆ ಬಿಟ್ಟು ಬನ್ನಿ ಎನ್ನುವವರು ಆದರೆ ಅಲ್ಲಿಂದ ಎದ್ದು ಬನ್ನಿ.

ಮನೆಯವರಿಗೂ ಇಲ್ಲಿ ಕೆಲಸವಿದೆ. ದಿನಕ್ಕೆ ಮುಕ್ಕಾಲು ಗಂಟೆ ಯಾರೂ ಕರೆಯದೆ ಕೂರುವುದು ನಮ್ಮ ಮನೆಗಳಲ್ಲಿ, ಅದರಲ್ಲೂ ಹೆಂಗಸರಿಗೆ, ಸುಲಭವಲ್ಲ. ಕುಕ್ಕರ್ ಸೀಟಿ ಹೊಡೆಯುತ್ತದೆ, ಹಾಲಿನವನು ಬರುತ್ತಾನೆ, ಅತ್ತೆಯ ಮಾತ್ರೆಯ ಹೊತ್ತಾಗುತ್ತದೆ, ಮಗುವಿನ ಸಾಕ್ಸ್ ಕಾಣುವುದಿಲ್ಲ. ಕೋರ್ಸಿಗೆ ಸೇರಿದವರು ನಡುವೆ ಬಿಟ್ಟರೆ ಅದನ್ನು ಮನಸ್ಸಿಲ್ಲದ್ದು ಎಂದು ನೋಡುವ ಮೊದಲು, ಆ ಹೊತ್ತಿನಲ್ಲಿ ಒಲೆಯ ಮುಂದೆ ಯಾರು ನಿಂತಿದ್ದರು ಎಂದು ಕೇಳಬೇಕು. ಎಂಟು ವಾರದ ಮಟ್ಟಿಗೆ ಆ ಹೊತ್ತಿನ ಕೆಲಸವನ್ನು ಮನೆಯಲ್ಲಿ ಯಾರು ಮಾಡುತ್ತಾರೆ ಎಂಬುದನ್ನು ಸೇರುವ ಮೊದಲೇ ಕೂತು ಮಾತನಾಡಿ ಗೊತ್ತುಮಾಡಿಕೊಳ್ಳಿ.